ಶಿಲುಬೆ ಹೊತ್ತ ಬ್ರೆಡ್ಡಿನವನು

ಸಿನಿಮಾದವರು ನಮ್ಮ ವಿಲಾರ್‌ಫ್ರಿಯೊಗೆ ಕಾಲಿಟ್ಟ ದಿನವೇ ಪೊರಕೆ ಹಿಡಿದು ಓಡಿಸಬೇಕಿತ್ತು. ಓಡಿಸಲಿಲ್ಲ, ಏಕೆಂದರೆ ಆ ಹೊತ್ತಿಗೆ ನನ್ನ ಕೈಯಲ್ಲಿ ಪೊರಕೆ ಇರಲಿಲ್ಲ, ಹಿಟ್ಟಿತ್ತು. ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲು ತೆರೆದರೆ, ಮ್ಯಾಡ್ರಿಡ್‌ನಿಂದ ಬಂದ ಗಡ್ಡದವನೊಬ್ಬ ನನ್ನ ಬೇಕರಿಯ ಗೋಡೆಯನ್ನು ತಟ್ಟಿ ತಟ್ಟಿ ನೋಡುತ್ತಿದ್ದ, ಹಸು ಕೊಳ್ಳಲು ಬಂದವನ ಹಾಗೆ. ಆ ಗೋಡೆಗೆ ನಾನು ಬೇಸಿಗೆಯಲ್ಲಷ್ಟೇ ಸುಣ್ಣ ಹೊಡೆಸಿದ್ದೆ.

“ಅದ್ಭುತ ಊರು, ಸೆನ್ಯೋರಾ!” ಎಂದ. “ಇಲ್ಲಿ ಏನನ್ನೂ ಬದಲಾಯಿಸೋದೇ ಬೇಕಾಗಿಲ್ಲ. ಸುಮ್ನೆ ನೋಡಿದ್ರೇ ಹೆದರಿಕೆ ಆಗುತ್ತೆ!”

ನಾನು ಹುಟ್ಟಿ ಬೆಳೆದ ಊರು. ನಮ್ಮಮ್ಮ ಮದುವೆಯಾಗಿ ಬಂದ ಊರು. ಅದನ್ನು ನೋಡಿದರೆ ಇವನಿಗೆ ಹೆದರಿಕೆಯಾಗುತ್ತದಂತೆ, ಅದೂ ಹೊಗಳಿಕೆಯಂತೆ.

“ಈ ಗೋಡೆ ಒಂದು ಮಾತ್ರ ಬೆಳ್ಳಗಿದೆ. ಸ್ವಲ್ಪ ಮಸಿ ಬಳಿತೀವಿ, ಪರವಾಗಿಲ್ವಾ?”

ಪರವಾಗಿದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಬಳಿದಾಗಿತ್ತು. ಈತನೇ ನಿರ್ದೇಶಕ ಬೋರ್ಹಾ. ದೆವ್ವದ ಸಿನಿಮಾಗಳಲ್ಲಿ ದೊಡ್ಡ ಹೆಸರಂತೆ. ಸುಣ್ಣದ ಬೆಲೆ ಗೊತ್ತಿಲ್ಲದವನು ಯಾವುದರಲ್ಲಿ ದೊಡ್ಡವನಾದರೆ ನನಗೇನು?

ಆ ಸಂಜೆ ಅರ್ಹಿಮೀರೊನ ಬಾರಿನಲ್ಲಿ ಊರಿನವರನ್ನೆಲ್ಲ ಕೂರಿಸಿಕೊಂಡು ಬೋರ್ಹಾ ಕಥೆ ಹೇಳಿದ. ಸತ್ತವರು ಬಿಳಿ ಮುಸುಕು ಹಾಕಿಕೊಂಡು, ಮೇಣದಬತ್ತಿ ಹಿಡಿದು, ಕಾಡುದಾರಿಯಲ್ಲಿ ಸಾಲಾಗಿ ನಡೆಯುತ್ತಾರಂತೆ. ಅವರೆಲ್ಲರ ಮುಂದೆ ಬದುಕಿರುವ ಮನುಷ್ಯನೊಬ್ಬ ಶಿಲುಬೆ ಹೊತ್ತು ನಡೆಯಬೇಕಂತೆ. ದಿನದಿನಕ್ಕೂ ಅವನು ಬಿಳಿಚಿಕೊಂಡು, ಸೊರಗಿ, ಕೊನೆಗೊಂದು ದಿನ ಸತ್ತು ತಾನೂ ಸಾಲಿಗೆ ಸೇರುತ್ತಾನಂತೆ. ಉಳಿಯಬೇಕೆಂದರೆ ದಾರಿಯಲ್ಲಿ ಸಿಕ್ಕ ಇನ್ನೊಬ್ಬರ ಕೈಗೆ ಆ ಶಿಲುಬೆಯನ್ನು ದಾಟಿಸಬೇಕಂತೆ. ಇದನ್ನೆಲ್ಲ ಕೈ ಬಾಯಿ ತಿರುಗಿಸಿ ಅವನು ಹೇಳುತ್ತಿದ್ದದ್ದು ಯಾರಿಗೆ? ಗಲೀಸಿಯಾದ ಗುಡ್ಡಗಳಲ್ಲಿ ಹುಟ್ಟಿ, ತೊಟ್ಟಿಲಲ್ಲಿದ್ದಾಗಲೇ ಆ ಮೆರವಣಿಗೆಯ ಹೆಸರು ಕೇಳಿ ಅಳು ನಿಲ್ಲಿಸಿದವರಿಗೆ! ನಮ್ಮ ಪ್ರೇತಗಳನ್ನು ನಮಗೇ ಪರಿಚಯ ಮಾಡಿಕೊಡಲು ಮ್ಯಾಡ್ರಿಡ್‌ನಿಂದ ಜನ ಬರಬೇಕಾಯಿತು.

ಊರಿಗೆಲ್ಲ ಹಿರಿಯಳಾದ ಎರ್ಮಿತಾಸ್ ಅಜ್ಜಿ ಸುಮ್ಮನಿರಲಾಗದೆ ಎದ್ದಳು. “ಒಂದು ಬಿಟ್ಯಲ್ಲ, ಮಗಾ. ಶಿಲುಬೆಯವನು ಎದುರಿಗೆ ಬಂದ್ರೆ ಎರಡೂ ಕೈ ಹೀಗೆ ಅಗಲಿಸಿ ‘ನನ್ನ ಹತ್ರ ಆಗ್ಲೇ ಶಿಲುಬೆ ಇದೆ’ ಅನ್ಬೇಕು. ಅಂದ್ಬಿಟ್ರೆ ಅವ್ನು ಕೊಡೋ ಹಾಗಿಲ್ಲ. ಇನ್ನೊಂದು, ಅವನ ಕೈಯಿಂದ ಏನನ್ನೂ ತಗೋಬಾರ್ದು. ಮೇಣದಬತ್ತಿ ತಗೊಂಡ್ರೆ ಬೆಳಗಾಗೋದ್ರೊಳಗೆ ಅದು ಮೂಳೆ ಆಗಿರುತ್ತೆ.”

“ಇದನ್ನೆಲ್ಲ ನೀವು ನಂಬ್ತೀರಾ?” ಎಂದು ಬೋರ್ಹಾ ಖುಷಿಯಿಂದ ಕೇಳಿದ.

“ಛೆ ಛೆ!” ಎಂದಿತು ಇಡೀ ಬಾರು. “ನಾವೇನು ಕಾಡಿನವರಾ?” ಎಂದ ಅರ್ಹಿಮೀರೊ. “ಈ ಕಾಲದಲ್ಲಿ ಯಾರು ನಂಬ್ತಾರೆ?” ಎಂದಳು ಸ್ವತಃ ಎರ್ಮಿತಾಸ್ ಅಜ್ಜಿ. ದಯವಿಟ್ಟು ಈ ಮಾತುಗಳನ್ನು ನೆನಪಿಟ್ಟುಕೊಳ್ಳಿ. ಇವರು ಮರೆತರು, ನಾನು ಮರೆತಿಲ್ಲ.

ಇನ್ನು ನನ್ನ ತಮ್ಮ ದೆಲ್ಮೀರೊ. ನಮ್ಮ ಮನೆಯಲ್ಲಿ ಬ್ರೆಡ್ಡು ಮಾಡುವವಳು ನಾನು, ವ್ಯಾನಿನಲ್ಲಿ ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಹಂಚುವವನು ಅವನು. ಗೇಟಿಗೆ ಗೇಟಿಗೆ ಬಟ್ಟೆಚೀಲ ನೇತುಹಾಕಿರುತ್ತಾರೆ. ಇವನು ಹಾರ್ನ್ ಹೊಡೆದು ಚೀಲಕ್ಕೆ ಬ್ರೆಡ್ಡು ಹಾಕಿ ಮುಂದೆ ಹೋಗಬೇಕು. ಇಷ್ಟೇ ಕೆಲಸ. ಇದರಲ್ಲಿ ಎಷ್ಟು ಗೊಂದಲ ಮಾಡಬಹುದೋ ಅಷ್ಟನ್ನೂ ಅವನು ಮಾಡಿದ್ದಾನೆ. ಸಕ್ಕರೆ ಕಾಯಿಲೆಯವರ ಚೀಲಕ್ಕೆ ಕೇಕು, ಹಬ್ಬದ ಮನೆಗೆ ಪಥ್ಯದ ಬ್ರೆಡ್ಡು. ಕಿವುಡಿಯ ಮನೆ ಮುಂದೆ ನಿಂತು ಅರ್ಧ ಗಂಟೆ ಹಾರ್ನು. ಒಮ್ಮೆ ಹ್ಯಾಂಡ್‌ಬ್ರೇಕ್ ಹಾಕಲು ಮರೆತು, ಅವನಿಗಿಂತ ಮೊದಲು ವ್ಯಾನೇ ಮುಂದಿನ ಮನೆ ತಲುಪಿತ್ತು. ಆದರೂ ಜನಕ್ಕೆ ಅವನೆಂದರೆ ಇಷ್ಟ. ಇಷ್ಟ ಇತ್ತು, ಎನ್ನಬೇಕು.

ಇವನ ವ್ಯಾನನ್ನು ಬೋರ್ಹಾ ದಾರಿಯಲ್ಲಿ ಅಡ್ಡಗಟ್ಟಿ, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, “ಅಯ್ಯೋ ದೇವರೇ! ಈ ಮುಖಕ್ಕೆ ಮೇಕಪ್ಪೇ ಬೇಡ!” ಎಂದನಂತೆ. ತಮ್ಮ ಮನೆಗೆ ಬಂದಾಗ ಮುಖ ಬೆಳಗುತ್ತಿತ್ತು.

“ಅಕ್ಕಾ, ಶಿಲುಬೆ ಹೊರೋದು ನಾನೇ! ಇಡೀ ಸಿನಿಮಾ ನನ್ನ ಹಿಂದೆ ನಡ್ಕೊಂಡು ಬರುತ್ತೆ ಅಂದ್ರು ಡೈರೆಕ್ಟ್ರು. ಅಂದ್ರೆ ಏನರ್ಥ ಹೇಳು?”

“ಮುಂದೆ ಗುಂಡಿ ಇದ್ರೆ ಮೊದ್ಲು ಬೀಳೋನು ನೀನು ಅಂತ.”

“ಅಂದ್ರೆ ನಾನೇ ಹೀರೋ ಅಂತ!”

ಅವತ್ತಿನಿಂದ ಅವನ ಹಾರ್ನಿನ ಧಾಟಿಯೇ ಬದಲಾಯಿತು. ಬ್ರೆಡ್ಡು ಗಟ್ಟಿಯಾಗಿದೆ ಎಂದವರಿಗೆ “ಕಲಾವಿದನ ಮನಸ್ಸು ನೋಯಿಸಬೇಡಿ” ಎನ್ನತೊಡಗಿದ. ಬಾರಿನಲ್ಲಿ ಅರ್ಹಿಮೀರೊನ ಪಕ್ಕ ಕುಳಿತು ತನ್ನ ಪಾತ್ರದ ಆಳ ಅಗಲ ವಿವರಿಸಿದ. ಅರ್ಹಿಮೀರೊನಿಗೆ ಸಿಕ್ಕಿದ್ದು ಮೂರನೆಯ ಸಾಲಿನ ಹೆಣದ ಪಾತ್ರ. “ಇಷ್ಟು ವರ್ಷ ಬಾರು ನಡೆಸ್ದೋನು ಹೆಣ, ಬ್ರೆಡ್ಡು ಹಂಚೋನು ಹೀರೋ!” ಎಂದು ಅವನು ಲೋಟ ಒರೆಸುವ ಬಟ್ಟೆಯನ್ನು ನೆಲಕ್ಕೆ ಬಡಿದ. ಆದರೂ ಹೆಣದ ಪಾತ್ರ ಬಿಡಲಿಲ್ಲ. ಊರಿಗೆ ಊರೇ ಹೆಣವಾಗಲು ಸಾಲುಗಟ್ಟಿತ್ತು, ಊಟ ಕೊಡುತ್ತಾರೆಂದು.

ಶೂಟಿಂಗು ನಡೆದದ್ದು ಹಾಡಹಗಲಲ್ಲಿ. ಹೊಗೆ ಬಿಟ್ಟು, ಕ್ಯಾಮೆರಾಕ್ಕೆ ಏನೋ ಗಾಜು ಹಾಕಿ, ಅದನ್ನೇ ರಾತ್ರಿ ಮಾಡುತ್ತಾರಂತೆ. ನನ್ನ ತಮ್ಮನಿಗೆ ಗಲ್ಲದವರೆಗೂ ಮುಸುಕು ಎಳೆದರು. ನಾನು ನೇರವಾಗಿ ಬೋರ್ಹಾನ ಬಳಿ ಹೋದೆ.

“ಮುಖ ಕಾಣಲ್ಲ ಅಂದ್ಮೇಲೆ ಮುಖ ನೋಡಿ ಯಾಕೆ ಆರಿಸಿದ್ರಿ?”

“ಸೆನ್ಯೋರಾ, ಮುಸುಕಿನ ಒಳಗಿಂದ ಭಾವ ಹೊರಗೆ ಬರುತ್ತೆ.”

ಹೊರಗೆ ಬಂದದ್ದು ಕೆಮ್ಮು ಮಾತ್ರ, ಆ ಹೊಗೆಗೆ. ಶಿಲುಬೆಯೋ ಕತ್ತೆಭಾರ. ಪಾಳುಮನೆಯೊಂದರ ಚೆಸ್ಟ್‌ನಟ್ ತೊಲೆ ಕೊಯ್ದು ಮಾಡಿದ್ದು, ಬಣ್ಣ ಗಿಣ್ಣ ಏನೂ ಇಲ್ಲದ ಅಪ್ಪಟ ಹಳೇ ಮರ ಎಂದು ಸಾಮಾನು ನೋಡಿಕೊಳ್ಳುವವನು ಜಂಬದಿಂದ ಹೇಳಿದ. ಕೊನೆಯ ದೃಶ್ಯದಲ್ಲಿ ಮ್ಯಾಡ್ರಿಡ್‌ನ ನಟಿಯೊಬ್ಬಳು ಎದುರಿಗೆ ಬರಬೇಕು, ನನ್ನ ತಮ್ಮ ಅವಳ ಕೈಗೆ ಶಿಲುಬೆ ಕೊಡಬೇಕು, ಅವಳು ಕಿರುಚಬೇಕು. ಅಲ್ಲಿಗೆ ಸಿನಿಮಾ ಮುಗಿಯಿತು.

ಆ ದೃಶ್ಯಕ್ಕೆ ಮೊದಲೇ ಮಳೆ ಹಿಡಿಯಿತು. ನಟಿ ಕಾರು ಹತ್ತಿದಳು. ಕ್ಯಾಮೆರಾಗಳಿಗೆ ಹೊದಿಕೆ ಹೊದಿಸಿ ಲಾರಿಗೆ ತುಂಬಿದರು. ಹೆಣಗಳೆಲ್ಲ ಬಾರಿಗೆ ಓಡಿದವು. “ಹಿಡ್ಕೊಂಡಿರು, ಈಗ ಬಂದೆ” ಎಂದು ಸಾಮಾನಿನವನು ನನ್ನ ತಮ್ಮನಿಗೆ ಹೇಳಿ ಹೋದವನು, ಎಲ್ಲರ ಜೊತೆ ಸಮುದ್ರದ ಕಡೆಯ ಶೂಟಿಂಗಿಗೆ ಹೊರಟೇಹೋದ. ನನ್ನ ತಮ್ಮನಿಗೆ ಹಿಡಿದುಕೊಂಡಿರು ಎಂದರೆ ಹಿಡಿದುಕೊಂಡಿರುತ್ತಾನೆ. ಕೊಡೆ ತೆಗೆದುಕೊಂಡು ನಾನೇ ಹುಡುಕಿಕೊಂಡು ಹೋಗಬೇಕಾಯಿತು.

“ಎಲ್ರೂ ಹೋದ್ರು ಕಣೋ!”

“ಹಿಡ್ಕೊಂಡಿರು ಅಂದ್ರು.”

“ಯಾರಿಗಾದ್ರೂ ಕೊಟ್ಟು ಬರ್ಬಾರ್ದಾಗಿತ್ತಾ?”

“ಆ ಹುಡುಗಿಗೆ ಕೊಡ್ಬೇಕಿತ್ತು. ಅವ್ಳು ಬರ್ಲೇ ಇಲ್ವಲ್ಲ ಅಕ್ಕಾ.”

ಈ ಮಾತು ನಡೆದದ್ದು ಎರ್ಮಿತಾಸ್ ಅಜ್ಜಿಯ ಕಿಟಕಿಯ ಕೆಳಗೆ. ಕಿಟಕಿ ಪಟ್ಟನೆ ಮುಚ್ಚಿತು. ನಾವು ಶಿಲುಬೆ ಎಳೆದುಕೊಂಡು ಮನೆ ಮುಟ್ಟುವ ಹೊತ್ತಿಗೆ, ದೆಲ್ಮೀರೊ ಪ್ರೇತಗಳ ಮುಂದೆ ನಡೆದವನು, ಶಿಲುಬೆಯನ್ನು ಯಾರಿಗೂ ದಾಟಿಸದೆ ಮನೆಗೆ ತಂದವನು ಎಂದು ಊರಿಗೆಲ್ಲ ಗೊತ್ತಾಗಿತ್ತು.

ಆ ಶಿಲುಬೆ ನಮ್ಮ ಮನೆಬಾಗಿಲಲ್ಲಿ ತೂರಲಿಲ್ಲ. ಅದಕ್ಕೆ ಇವನು ಅದನ್ನು ವ್ಯಾನಿನಲ್ಲಿಟ್ಟ, ಹಿಂದೆ ಚಾಚಿದ ತುದಿಗೆ ಕಾನೂನಿನ ಪ್ರಕಾರ ಕೆಂಪು ಬಟ್ಟೆ ಕಟ್ಟಿದ. ಬೆಳಿಗ್ಗೆ ಅದರ ಎಡಬಲಕ್ಕೆ ಬ್ರೆಡ್ಡು ಜೋಡಿಸಿಕೊಂಡು ಹೊರಟ. ಇದಕ್ಕಿಂತ ಬುದ್ಧಿವಂತಿಕೆಯ ಕೆಲಸವನ್ನು ನನ್ನ ತಮ್ಮನಿಂದ ನಿರೀಕ್ಷಿಸುವುದು ತಪ್ಪು.

ಅವತ್ತು ನಾನೂ ಜೊತೆಗಿದ್ದೆ. ಎರ್ಮಿತಾಸ್ ಅಜ್ಜಿಯ ಗೇಟಿನಲ್ಲಿ ಚೀಲ ಇರಲಿಲ್ಲ. ಅಜ್ಜಿಯೇ ನಿಂತಿದ್ದಳು, ಎರಡೂ ಕೈ ಅಗಲಿಸಿಕೊಂಡು.

“ನನ್ನ ಹತ್ರ ಆಗ್ಲೇ ಶಿಲುಬೆ ಇದೆ.”

“ಅಜ್ಜಿ, ಇದು ಬ್ರೆಡ್ಡು!” ಎಂದ ದೆಲ್ಮೀರೊ.

“ನಿನ್ನ ಕೈಯಿಂದ ಬರ್ತಿದೆಯಲ್ಲ ಮಗಾ. ಬೆಳಗಾಗೋದ್ರೊಳಗೆ ಏನಾಗಿರುತ್ತೋ!”

“ಬೆಳಗಾಗೋದ್ರೊಳಗೆ ನೀನು ತಿಂದು ಮುಗಿಸಿರ್ತೀಯ!” ಎಂದು ನಾನು ವ್ಯಾನಿನೊಳಗಿಂದ ಕೂಗಿದೆ. “ನೀನೇ ತಾನೆ ಈ ಕಾಲದಲ್ಲಿ ಯಾರು ನಂಬ್ತಾರೆ ಅಂದಿದ್ದು?”

“ನಂಬಲ್ಲ ಒಬ್ದೂಲಿಯಾ, ಖಂಡಿತ ನಂಬಲ್ಲ. ಆದ್ರೆ ನಿನ್ನೆಯಿಂದ ಕೋಳಿ ಮೊಟ್ಟೆ ಇಡ್ತಿಲ್ಲ.”

ಕೋಳಿಗೆ ಅವಳಷ್ಟೇ ವಯಸ್ಸಾಗಿತ್ತು. ಅದನ್ನು ಹೇಳಲು ಹೋದರೆ ಕೇಳುವವರಾರು? ಮುಂದಿನ ಗೇಟಿನಲ್ಲೂ ಚೀಲವಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ದಾರಿಯುದ್ದಕ್ಕೂ ಗೇಟುಗಳಲ್ಲಿ ಜನ ಕೈ ಅಗಲಿಸಿ ನಿಂತಿದ್ದರು, ಬೆದರುಬೊಂಬೆಗಳ ಹಾಗೆ. ಇವರಲ್ಲಿ ಅರ್ಧ ಜನ ಹಿಂದಿನ ದಿನ ಅವನ ಬೆನ್ನ ಹಿಂದೆಯೇ ಹೆಣವಾಗಿ ನಡೆದವರು! ಹೆಣವಾದವರಿಗೆ ಏನೂ ಆಗುವುದಿಲ್ಲವಂತೆ. ಬದುಕಿದ್ದವನು ನನ್ನ ತಮ್ಮ ಒಬ್ಬನೇ, ಆದ್ದರಿಂದ ಅಪಾಯವೆಲ್ಲ ಅವನದೇ.

ದೆಲ್ಮೀರೊ ಸಾಮಾನಿನವನಿಗೆ ಫೋನ್ ಮಾಡಿದ. “ಜೋಪಾನ ಕಣಪ್ಪ, ಅದು ಒಂದೇ ಇರೋದು, ಅಳಿದುಳಿದ ದೃಶ್ಯಕ್ಕೆ ಬೇಕು” ಎಂದು ಹೇಳಿ ಅವನು ಇಟ್ಟುಬಿಟ್ಟ. ಮತ್ತೆ ಎತ್ತಲಿಲ್ಲ.

ಹಾಗಾದರೆ ಊರಿನಲ್ಲೇ ಯಾರಿಗಾದರೂ ದಾಟಿಸುತ್ತೇನೆ ಎಂದು ತಮ್ಮ ಹೊರಟ, ಹಿಂದೆಯೇ ನಾನೂ ಹೋದೆ. ಮೊದಲು ಬಾರಿಗೆ ಹೋದ. ಅವನು ಬಾಗಿಲಲ್ಲಿ ಕಾಣಿಸಿದ್ದೇ ತಡ, ಇಸ್ಪೀಟಾಡುತ್ತಿದ್ದವರು ಎಲೆಗಳನ್ನು ಕೆಡವಿ ಕೈ ಅಗಲಿಸಿದರು. ಅರ್ಹಿಮೀರೊನ ಒಂದು ಕೈಯಲ್ಲಿ ಸಾರಾಯಿ ಬಾಟ್ಲಿ, ಇನ್ನೊಂದರಲ್ಲಿ ಲೋಟ.

“ನನ್ನ ಹತ್ರ ಆಗ್ಲೇ ಇದೆ, ಹೀರೋ. ಹೊರಗೆ ನಿಂತ್ಕೊ, ಕಾಫಿ ಕಿಟಕಿಯಿಂದ ಕೊಡ್ತೀನಿ. ಲೋಟ ವಾಪಸ್ ಕೊಡ್ಬೇಡ, ನೀನೇ ಇಟ್ಕೊ.”

ಆಮೇಲೆ ಚರ್ಚಿಗೆ. ಪಾದ್ರಿ ದೊನ್ ಬೆನಿಗ್ನೊ ಮೆಟ್ಟಿಲ ಮೇಲೇ ಎದುರಾದರು.

“ಫಾದರ್, ಇದು ಶಿಲುಬೆ, ಇದು ಚರ್ಚು. ಇಡೋಕೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ?”

“ಅದು ಆಶೀರ್ವಾದ ಆಗದ ಮರ, ದೆಲ್ಮೀರೊ.”

“ಹಾಗಾದ್ರೆ ಆಶೀರ್ವಾದ ಮಾಡಿ.”

“ಸಿನಿಮಾ ಸಾಮಾನಿಗೆ ಆಶೀರ್ವಾದ ಮಾಡೋಕೆ ಬಿಷಪ್ಪರನ್ನ ಕೇಳ್ಬೇಕಾಗುತ್ತೆ.”

“ಹೋಗ್ಲಿ, ಒಂದ್ನಿಮಿಷ ಹಿಡ್ಕೊಳ್ಳಿ, ಶೂ ಲೇಸ್ ಕಟ್ಕೋತೀನಿ.”

ಪಾದ್ರಿಗಳು ಅವನ ಕಾಲು ನೋಡಿದರು. ರಬ್ಬರ್ ಬೂಟು. ಲೇಸಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅವರು ನಿಧಾನವಾಗಿ, ಪೂಜೆಯಲ್ಲಿ ಎತ್ತುವಷ್ಟೇ ಗಂಭೀರವಾಗಿ ಎರಡೂ ಕೈ ಅಗಲಿಸಿದರು. “ನನ್ನ ಹತ್ರ ಆಗ್ಲೇ ಶಿಲುಬೆ ಇದೆ, ಮಗು.” ಕುತ್ತಿಗೆಯಲ್ಲಿ ನಿಜವಾಗಿಯೂ ಒಂದು ನೇತಾಡುತ್ತಿದ್ದುದರಿಂದ ಸುಳ್ಳಾಡಿದ ಪಾಪವೂ ಅವರಿಗೆ ತಟ್ಟಲಿಲ್ಲ.

ಕೊನೆಗೆ ಪೊಲೀಸ್ ಠಾಣೆ. ಅಲ್ಲಿನ ಸಾರ್ಜೆಂಟ್ ದೂರದ ದಕ್ಷಿಣದ ಸೆವಿಯ್ಯಾದ ಕಡೆಯವನು. ನಮ್ಮ ಪ್ರೇತಗಳ ಹಂಗೇ ಇಲ್ಲದವನು ಎಂದು ತಮ್ಮನಿಗೆ ಭರವಸೆ ಇತ್ತು. ಅವನ ಹೆಂಡತಿ ನಮ್ಮೂರಿನವಳು ಎಂಬುದನ್ನು ಇವನು ಮರೆತಿದ್ದ.

“ಬಿದ್ದು ಸಿಕ್ಕಿದ ವಸ್ತು ತಂದಿದ್ದೀನಿ ಸಾರ್.”

“ಎಲ್ಲಿ ಸಿಕ್ತು?”

“ನನ್ನ ಕೈಯಲ್ಲಿ.”

“ಕೈಯಲ್ಲಿದ್ದದ್ದು ಬಿದ್ದು ಸಿಕ್ಕಿದ್ದು ಹೇಗಾಗುತ್ತಯ್ಯಾ?”

“ಹಾಗಾದ್ರೆ ಕದ್ದಿದ್ದು ಅಂತ ಇಟ್ಕೊಳ್ಳಿ. ನಾನೇ ಕಳ್ಳ. ವಶಪಡಿಸ್ಕೊಳ್ಳಿ.”

“ವಶಪಡಿಸ್ಕೊಳ್ಳೋದು ಅಂದ್ರೆ ನಿನ್ನ ಕೈಯಿಂದ ನಾನು ತಗೋಬೇಕು.”

“ಹೌದು ಸಾರ್.”

“ಆಗಲ್ಲ.”

“ಹಾಗಾದ್ರೆ ನನ್ನನ್ನೇ ಒಳಗೆ ಹಾಕಿ!”

“ನೀನು ಬಂದ್ರೆ ಅದೂ ಒಳಗೆ ಬರುತ್ತಲ್ಲಯ್ಯಾ!” ಎಂದ ಸಾರ್ಜೆಂಟ್ ಎದ್ದು, ಗೋಡೆಗೆ ಬೆನ್ನು ಹಚ್ಚಿ, ಕೈ ಅಗಲಿಸಿದ. ಪಿಸ್ತೂಲು ಸೊಂಟದಲ್ಲಿಟ್ಟುಕೊಂಡು ಬ್ರೆಡ್ಡಿನವನ ಮುಂದೆ ಕೈ ಎತ್ತಿ ನಿಂತ ಪೊಲೀಸಿನವನನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಇವನು ನಮ್ಮನ್ನು ಕಳ್ಳಕಾಕರಿಂದ ಕಾಪಾಡುತ್ತಾನಂತೆ.

ಕೊನೆಗೆ ತಮ್ಮ ಶಿಲುಬೆಯನ್ನು ನಾಲ್ಕು ದಾರಿ ಕೂಡುವಲ್ಲಿ ಬಿಟ್ಟು ಬಂದ. “ನಿನ್ನ ಶಿಲುಬೆ ದಾರಿಯಲ್ಲಿದೆ, ಹಸುಗಳು ದಾಟ್ತಿಲ್ಲ, ಬಂದು ತಗೊಂಡು ಹೋಗು” ಎಂದು ಫೋನ್ ಬಂತು. ದಾಟದೇ ಇದ್ದದ್ದು ಹಸುಗಳಲ್ಲ, ಹಸು ಕಾಯುವವರು ಎಂದು ಬೇರೆ ಹೇಳಬೇಕಾಗಿಲ್ಲ. ಕೈಯಿಂದ ಕೈಗೆ ದಾಟದೆ ಅದು ಹೋಗುವುದಿಲ್ಲವೆಂದು ಎಲ್ಲರೂ ಅವನಿಗೆ ಹೇಳಿದರು. ಹೇಳಿದವರಲ್ಲಿ ಒಬ್ಬರೂ ಕೈ ಚಾಚಲಿಲ್ಲ.

ಇತ್ತ ನಾನು ಬೇಯಿಸಿದ ಬ್ರೆಡ್ಡೆಲ್ಲ ವ್ಯಾನಿನಲ್ಲೇ ವಾಪಸು ಬರುತ್ತಿತ್ತು. ಕೋಳಿಗಳಿಗೆ ಹಾಕಿದೆ, ಮಿಕ್ಕಿದ್ದನ್ನು ಹಂದಿಗಳಿಗೆ ಹಾಕಿದೆ. ಹಂದಿಗಳು ಸಂತೋಷವಾಗಿ ತಿಂದವು. ಆ ವಾರ ವಿಲಾರ್‌ಫ್ರಿಯೊದಲ್ಲಿ ಬುದ್ಧಿ ಸ್ಥಿಮಿತದಲ್ಲಿದ್ದದ್ದು ಅವುಗಳಿಗೆ ಮಾತ್ರ. ಊರಿನವರು ಪಟ್ಟಣದಿಂದ ಪ್ಲಾಸ್ಟಿಕ್ ಚೀಲದ ಬ್ರೆಡ್ಡು ತರಿಸಿಕೊಳ್ಳತೊಡಗಿದರು. ಕೊಯ್ದು ತುಂಡು ಮಾಡಿಟ್ಟ, ಒತ್ತಿದರೆ ಹತ್ತಿಯಂತೆ ಒಳಗೆ ಹೋಗುವ ಬ್ರೆಡ್ಡು! ಅದನ್ನು ಅರ್ಹಿಮೀರೊ ಬಾರಿನ ಕಟ್ಟೆಯ ಮೇಲೆ ರಾಜಾರೋಷವಾಗಿ ಇಟ್ಟದ್ದನ್ನು ನೋಡಿದಾಗ ನನ್ನ ಮೈಯೆಲ್ಲ ಉರಿಯಿತು. ಹೀಗೇ ನಡೆದರೆ ಭಟ್ಟಿ ಆರಿಸಬೇಕಾಗುತ್ತಿತ್ತು. ನಮ್ಮಜ್ಜಿ ಹಚ್ಚಿದ ಭಟ್ಟಿ. ಅದೊಂದು ಬಿಟ್ಟರೆ ನಮ್ಮಿಬ್ಬರಿಗೂ ಬೇರೆ ಅನ್ನವಿಲ್ಲ.

ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆನೋ ಏನೋ. ತಮ್ಮನೇ ಕೆಟ್ಟುಹೋದ. ದಿನಾ ಒಬ್ಬೊಬ್ಬರು ದೂರದಿಂದಲೇ “ನಿನ್ನೆಗಿಂತ ಬಿಳಿಚಿಕೊಂಡಿದ್ದೀಯಲ್ಲೋ” ಎನ್ನುತ್ತಿದ್ದರು. ಇವನು ವ್ಯಾನಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದ.

“ಅಕ್ಕಾ, ಬಿಳಿಚಿಕೊಂಡಿದ್ದೀನಾ?”

“ಹಿಟ್ಟು ಕಣೋ ಅದು! ಹುಟ್ಟಿದಾಗಿನಿಂದ ನೀನು ಹಿಟ್ಟಿನಲ್ಲಿದ್ದೀಯ!”

ಒದ್ದೆ ಬಟ್ಟೆ ತಂದು ಅವನ ಮುಖ ತಿಕ್ಕಿದೆ. ಹಿಟ್ಟು ಹೋಯಿತು. ಕೆಳಗಿನ ಮುಖವೂ ಬಿಳಿಚಿಕೊಂಡೇ ಇತ್ತು. ಆಗ ನನಗೆ ಭಯವಾಯಿತು, ಪ್ರೇತದ್ದಲ್ಲ. ಅವನು ಊಟ ಬಿಟ್ಟಿದ್ದ. ಕಲಾವಿದನ ಜಂಬವೆಲ್ಲ ಇಳಿದು, ಹಾರ್ನ್ ಹೊಡೆಯಲೂ ಹೆದರುವ ಮನುಷ್ಯನಾಗಿದ್ದ. ಗುರುವಾರ ಬೆಳಿಗ್ಗೆ ಭಟ್ಟಿಗೆ ಸೌದೆ ಒಟ್ಟುತ್ತಿದ್ದೆ. ಅವನು ಬಂದು ಮೂಲೆಯ ಸ್ಟೂಲಿನ ಮೇಲೆ ಕುಳಿತ, ಹೊರಗೆ ಶಿಲುಬೆ ವ್ಯಾನಿಗೆ ಒರಗಿತ್ತು.

“ಅಕ್ಕಾ, ನಾನು ಹೋದ್ಮೇಲೆ ವ್ಯಾನಿನ ಎರಡನೇ ಗೇರು ಸ್ವಲ್ಪ ಬಿಗಿ ಇದೆ, ಯಾರು ಓಡಿಸಿದ್ರೂ ಹೇಳು.”

“ಎಲ್ಲಿಗೋ ಹೋಗ್ತೀಯ ನೀನು?”

ಅವನು ಬಾಗಿಲಾಚೆಯ ಶಿಲುಬೆಯ ಕಡೆ ನೋಡಿದ.

“ಲೋ ಪೆದ್ದ, ಪಾದ್ರಿಗೆ ಕೊಡೋಕೆ ಹೋದೆ. ಪೊಲೀಸಿನವನಿಗೆ ಕೊಡೋಕೆ ಹೋದೆ. ಆ ಅರ್ಹಿಮೀರೊನಿಗೂ ಕೊಡೋಕೆ ಹೋದೆ. ಇಲ್ಲೇ ಒಂದು ಮಾರು ದೂರದಲ್ಲಿ ನಾನಿದ್ದೀನಿ. ನನಗ್ಯಾಕೆ ಕೊಡ್ಲಿಲ್ಲ?”

“ನಿನಗೆ ಕೊಡಲ್ಲ.”

“ಯಾಕೋ? ನಾನು ನಂಬಲ್ಲ, ನನಗೇನೂ ಆಗಲ್ಲ. ಕೊಡು ಇಲ್ಲಿ.”

“ನೀನು ನಂಬಲ್ಲ, ನಾನು ನಂಬ್ತೀನಲ್ಲ. ಅವ್ರಲ್ಲಿ ಯಾರಾದ್ರೂ ಸತ್ರೆ ಸಾಯ್ಲಿ ಅಕ್ಕಾ. ನಿನಗೆ ಮಾತ್ರ ಕೊಡಲ್ಲ.”

ಇಂಥ ಮಾತಿಗೆ ನನಗೆ ಬರುವುದು ಸಿಟ್ಟು ಒಂದೇ. ನಾನು ಹೊರಗೆ ಹೋದೆ. ಅವನು ಹಿಂದೆಯೇ ಓಡಿಬಂದು ಶಿಲುಬೆಯನ್ನು ತಬ್ಬಿಕೊಂಡ. “ಬಿಡೋ!” ಎಂದೆ. “ಬೇಡ ಅಕ್ಕಾ!” ಎಂದ. ಚಿಕ್ಕವರಿದ್ದಾಗ ಆಟದ ಸಾಮಾನಿಗೆ ಜಗಳವಾಡಿದ ಹಾಗೆ ಎಳೆದಾಡಿದೆವು. ಊಟ ಬಿಟ್ಟವನಿಗೆ ಶಕ್ತಿ ಎಲ್ಲಿಂದ ಬರಬೇಕು? ನಾನು ಅವನ ಕೈಯಿಂದಲೇ ಕಿತ್ತುಕೊಂಡೆ. ಕೈಯಿಂದ ಕೈಗೆ, ಅವರೆಲ್ಲ ಹೇಳಿದ ಪ್ರಕಾರವೇ. ಸೌದೆ ಕೊಯ್ಯುವ ಗರಗಸ ಅಲ್ಲೇ ಇತ್ತು. ಒಳ್ಳೇ ಒಣಗಿದ ಮರ. ಭಟ್ಟಿಯ ಹೊಟ್ಟೆಯೊಳಗೆ ತುಂಡು ತುಂಡಾಗಿ ಹಾಕಿದೆ. ಚಟಪಟ ಎಂದು ಅಷ್ಟು ಚೆನ್ನಾಗಿ ಉರಿ ಹಿಡಿಯಿತು ಎಂದರೆ, ಆ ಸಾಮಾನಿನವನು ಮರದ ಬಗ್ಗೆ ಹೇಳಿದ್ದು ನಿಜವಿರಬೇಕು. ತಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನನಗಾಗಿ ಜೋರಾಗಿ ಅತ್ತ.

ಉರಿ ಇಳಿದ ಮೇಲೆ ಬೂದಿ ಗುಡಿಸಿ ತೆಗೆದು, ಅದೇ ಕಾದ ಕಲ್ಲಿನ ಮೇಲೆ ಎಂದಿನಂತೆ ಬ್ರೆಡ್ಡು ಇಟ್ಟೆ. ಹಂದಿಗಳಿಗೆ ಎಂದುಕೊಂಡೇ ಇಟ್ಟೆ.

ಬ್ರೆಡ್ಡು ಹೊರತೆಗೆಯುವ ಹೊತ್ತಿಗೆ ಸರಿಯಾಗಿ, ಮುನ್ಸೂಚನೆ ಏನೂ ಇಲ್ಲದೆ, ಸಿನಿಮಾದ ಲಾರಿಗಳು ಬಂದವು. ಉಳಿದ ದೃಶ್ಯ ಇವತ್ತೇ ತೆಗೆಯುತ್ತಾರಂತೆ. ಊಟ ನೋಡಿಕೊಳ್ಳುವವನು ನೇರ ನನ್ನ ಬಾಗಿಲಿಗೆ ಬಂದು, ಇದ್ದ ಬ್ರೆಡ್ಡಷ್ಟನ್ನೂ ಕೊಂಡುಕೊಂಡ. ನಾನು ಬೇಕೆಂದು ಮಾಡಿದ್ದಲ್ಲ. ಕೇಳಿದ, ಮಾರಿದೆ. ಬೇಕರಿ ಇಟ್ಟವರು ಇನ್ನೇನು ಮಾಡುತ್ತಾರೆ?

ಊರಲ್ಲಿ ಹಬ್ಬದ ಕಳೆ ಬಂತು. “ಇವತ್ತು ಆ ಮ್ಯಾಡ್ರಿಡ್ ಹುಡುಗಿಗೆ ಕೊಟ್ಟುಬಿಡ್ತಾನೆ, ಪೀಡೆ ತೊಲಗುತ್ತೆ!” ಎಂದು ಎಲ್ಲರೂ ಬಿಳಿ ಮುಸುಕು ಹಾಕಿಕೊಂಡು ಚರ್ಚಿನ ಮುಂದೆ ಹಾಕಿದ ಸಿನಿಮಾದ ಮೇಜುಗಳಿಗೆ ಬಂದು ಕುಳಿತರು. ಸೊಪ್ಪು, ಆಲೂಗೆಡ್ಡೆ, ಹಂದಿಮಾಂಸ ಹಾಕಿದ ಬಿಸಿ ಸಾರು. ಪಕ್ಕದಲ್ಲಿ ನನ್ನ ಬ್ರೆಡ್ಡು. ನನ್ನ ಬ್ರೆಡ್ಡು ಎಂದು ಅವರಿಗೂ ಗೊತ್ತು. ಆದರೆ ಅದು ದೆಲ್ಮೀರೊನ ಕೈಯಿಂದ ಬಂದದ್ದಲ್ಲ, ಸಿನಿಮಾದ ಮೇಜಿನ ಮೇಲಿತ್ತು, ಅದರ ಮೇಲೆ ಪುಕ್ಕಟೆ. ಅರ್ಹಿಮೀರೊ ಬ್ರೆಡ್ಡಿನ ದೊಡ್ಡ ತುಂಡನ್ನು ಸಾರಿನಲ್ಲಿ ಅದ್ದಿ ಅದ್ದಿ ತಿಂದ. ಎರ್ಮಿತಾಸ್ ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ಒಳಗಿನ ಮೆತ್ತನೆಯದನ್ನು ಚೀಪಿದಳು. ಜನಸಂದಣಿ ನೋಡಿಕೊಳ್ಳಲು ಬಂದ ಸಾರ್ಜೆಂಟ್, ಧರ್ಮಕ್ಕೆ ಚ್ಯುತಿ ಬರದಂತೆ ನೋಡಿಕೊಳ್ಳಲು ಬಂದ ಪಾದ್ರಿಗಳು, ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡರು. ಒಂದು ವಾರ ಪ್ಲಾಸ್ಟಿಕ್ ಬ್ರೆಡ್ಡು ತಿಂದವರ ಹಸಿವು ಅದು. ನಾನು ಕೈಕಟ್ಟಿ ನೋಡುತ್ತಾ ನಿಂತಿದ್ದೆ.

“ಸೆನ್ಯೋರಾ!” ಎಂದ ಬೋರ್ಹಾ, ಬಾಯಿ ತುಂಬ ಬ್ರೆಡ್ಡಿಟ್ಟುಕೊಂಡು. “ಇವತ್ತಿನದಕ್ಕೆ ಏನೋ ಒಂದು ಘಮ ಇದೆ. ಹಳೇ ಕಾಲದ್ದು. ಅಪ್ಪಟ!”

“ಸೌದೆ ಚೆನ್ನಾಗಿತ್ತು,” ಎಂದೆ.

ಅಷ್ಟರಲ್ಲಿ ಸಾಮಾನಿನವನು ಓಡಿಬಂದ. “ಶಿಲುಬೆ ಎಲ್ಲಿ?”

ಅದೇ ಹೊತ್ತಿಗೆ ದೆಲ್ಮೀರೊ ಮುಸುಕು ಹಾಕಿಕೊಂಡು ಮನೆಯಿಂದ ಬಂದ, ಕರೆದರೆಂದು. ಕಣ್ಣು ಊದಿಕೊಂಡಿತ್ತು. ಎಲ್ಲರೂ ನೋಡಿದ್ದು ಅವನ ಕೈಗಳನ್ನು. ಎರಡೂ ಖಾಲಿ.

ಅರ್ಹಿಮೀರೊ ಧಡಕ್ಕನೆ ಎದ್ದ. “ಯಾರಿಗೆ ದಾಟಿಸ್ದೆ? ಹೇಳೋ! ನಮ್ಮಲ್ಲಿ ಯಾರಿಗೆ ದಾಟಿಸ್ದೆ?”

ಮೇಜಿನ ಸುತ್ತ ಒಬ್ಬರು ಇನ್ನೊಬ್ಬರಿಂದ ಸರಿದು ಕುಳಿತರು. ತಮ್ಮ ನನ್ನ ಕಡೆ ಕಣ್ಣೆತ್ತಲಿಲ್ಲ. “ಯಾರಿಗೂ ಇಲ್ಲ,” ಎಂದ. “ಕಳೆದುಹೋಯ್ತು.” ಜನ್ಮದಲ್ಲಿ ಅವನು ಗೊಂದಲವಿಲ್ಲದೆ ಹೇಳಿದ ಮೊದಲ ಸುಳ್ಳು.

“ನನಗೆ ಕೊಟ್ಟ,” ಎಂದೆ ನಾನು.

ಮೇಜಿನ ಸುತ್ತ ಇದ್ದವರೆಲ್ಲ ಒಟ್ಟಿಗೆ ಎದ್ದು ಕೈ ಅಗಲಿಸಿದರು. ಪಾದ್ರಿ, ಪೊಲೀಸು, ಬಾರು, ಅಜ್ಜಿ, ಎಲ್ಲರೂ. ಒಂದೊಂದು ಕೈಯಲ್ಲಿ ಒಂದೊಂದು ಬ್ರೆಡ್ಡಿನ ತುಂಡು.

“ಹೆದರ್ಬೇಡಿ, ನಿಮಗೆ ಕೊಡೋಕೆ ನನ್ನ ಹತ್ರ ಈಗ ಏನೂ ಇಲ್ಲ. ಬೆಳಿಗ್ಗೆ ಗರಗಸದಲ್ಲಿ ಕೊಯ್ದು ಭಟ್ಟಿಗೆ ಹಾಕಿದೆ. ಆ ಬೆಂಕಿಯಲ್ಲೇ ಬೆಂದದ್ದು, ನಿಮ್ಮ ಕೈಲಿದೆಯಲ್ಲ, ಅದು. ಹೊಟ್ಟೆಯಲ್ಲಿರೋದೂ ಅದೇ.”

ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಸಾರ್ಜೆಂಟನ ತುತ್ತು ಗಂಟಲಲ್ಲೇ ಉಳಿದು, ಪಾದ್ರಿಗಳು ಅವನ ಬೆನ್ನು ಗುದ್ದಿದರು. ಅರ್ಹಿಮೀರೊ ಬ್ರೆಡ್ಡನ್ನು ಪಕ್ಕದವನಿಗೆ ಕೊಡಲು ಹೋದ. ಪಕ್ಕದವನು ಅವನದನ್ನು ಇವನಿಗೆ ಕೊಡಲು ಬಂದ. ಈ ಕಾಲದಲ್ಲಿ ಇಂಥದ್ದನ್ನೆಲ್ಲ ನಂಬದ ಬೋರ್ಹಾ ಕರವಸ್ತ್ರ ಬಾಯಿಗೊತ್ತಿಕೊಂಡು ಲಾರಿಯ ಹಿಂದಕ್ಕೆ ಹೋದ.

“ನಾನು ನುಂಗಿಯಾಯ್ತು,” ಎಂದಳು ಎರ್ಮಿತಾಸ್ ಅಜ್ಜಿ.

“ಈಗ... ಈಗ ಯಾರು ಯಾರಿಗೆ ದಾಟಿಸೋದು?” ಎಂದ ಅರ್ಹಿಮೀರೊ.

ದೆಲ್ಮೀರೊ ಮುಸುಕು ಹಿಂದಕ್ಕೆ ತಳ್ಳಿ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ಬಿಳಿಚಿಕೊಂಡಿದ್ದರು, ಹಿಟ್ಟೇ ಇಲ್ಲದೆ. ಆಮೇಲೆ ಅವನು ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಅರ್ಹಿಮೀರೊನ ಕೈಯಿಂದ ಬ್ರೆಡ್ಡು ಕಿತ್ತುಕೊಂಡು ಸಾರಿನಲ್ಲಿ ಅದ್ದಿ ತಿಂದ. ವಾರದಲ್ಲಿ ಅದೇ ಮೊದಲ ಊಟ. ನಾನು ಕಣ್ಣೊರೆಸಿಕೊಂಡೆ, ಸಿಟ್ಟಿನಿಂದಲೇ.

ಕೊನೆಯ ದೃಶ್ಯವನ್ನು ರಟ್ಟಿನ ಶಿಲುಬೆಯಲ್ಲಿ ತೆಗೆದು ಮುಗಿಸಿದರು. ಸಿನಿಮಾ ಬಂದಾಗ ಪತ್ರಿಕೆಯವರು, ಮೆರವಣಿಗೆಯ ಹೆಣಗಳ ಮುಖದಲ್ಲಿ ಇಂಥ ನಿಜವಾದ ಭಯವನ್ನು ಹಿಂದೆಂದೂ ಕಂಡಿಲ್ಲ ಎಂದು ಬರೆದರು. ಬೋರ್ಹಾನಿಗೆ ಏನೋ ಬಹುಮಾನವೂ ಬಂತಂತೆ. ನನ್ನ ಗೋಡೆಗೆ ಸುಣ್ಣ ಬರಲಿಲ್ಲ. ನನ್ನ ತಮ್ಮನ ಮುಖ ಎಲ್ಲೂ ಕಾಣಲಿಲ್ಲ, ರಬ್ಬರ್ ಬೂಟು ಮಾತ್ರ ಕಂಡಿತು. ಅದು ತನ್ನದೇ ಬೂಟೆಂದು ಅವನು ಈಗಲೂ ಬಾರಿನಲ್ಲಿ ಸಾಬೀತುಪಡಿಸುತ್ತಿರುತ್ತಾನೆ.

ಅದೆಲ್ಲ ಆಮೇಲಿನ ಮಾತು. ಆ ಶುಕ್ರವಾರ ಬೆಳಿಗ್ಗೆ ನಾವಿಬ್ಬರೂ ವ್ಯಾನಿನಲ್ಲಿ ಹೊರಟೆವು. ಗೇಟುಗಳಲ್ಲಿ ಚೀಲಗಳು ನೇತಾಡುತ್ತಿದ್ದವು. ಎರ್ಮಿತಾಸ್ ಅಜ್ಜಿ ಮಾತ್ರ ರೂಢಿಬಲದಿಂದ ಗೇಟಿನಲ್ಲಿ ಕೈ ಅಗಲಿಸಿ ನಿಂತಿದ್ದಳು.

“ನನ್ನ ಹತ್ರ ಆಗ್ಲೇ ಶಿಲುಬೆ...” ಎಂದು ಶುರುಮಾಡಿದವಳು, ನನ್ನ ಮುಖ ನೋಡಿ ನಿಲ್ಲಿಸಿದಳು.

“ಹೌದಜ್ಜಿ, ಇದೆ,” ಎಂದೆ. “ಇವತ್ತು ನೀನು ನಿಜ ಹೇಳ್ದೆ. ಬ್ರೆಡ್ಡು ತಗೊ.”

ಅವಳು ತೆಗೆದುಕೊಂಡಳು. ದೆಲ್ಮೀರೊನ ಕೈಯಿಂದಲೇ.